ಕೈಗೆ ಬಿಸಿ ಹತ್ತದ ರೇಡಿಯೇಟರ್, ಬೆಚ್ಚಗಿರುವ ಮನೆ

ಅಮ್ಮ ತೀರ್ಥಹಳ್ಳಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೂರನೇ ದಿನ ಬೆಳಿಗ್ಗೆ ನಡುಮನೆಯ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಗೋಡೆಯ ಹಲಗೆ) ಮೇಲೆ ಅಂಗೈಯಿಟ್ಟು, "ಎಂತದೇ ಇದು, ಕೆಟ್ಟೋಗಿದ್ಯ? ಬಿಸಿನೇ ಇಲ್ವಲ್ಲ" ಅಂದಳು. ಹೊರಗೆ 2 ಡಿಗ್ರಿ, ಒಳಗೆ ಇಪ್ಪತ್ತೂವರೆ. ಹೊದ್ದ ಶಾಲು ಆಗಲೇ ಕುರ್ಚಿಯ ಬೆನ್ನಿಗೆ ಹೋಗಿತ್ತು. "ನಿಂಗೆ ಚಳಿ ಆಗ್ತಿದ್ಯಾ ಅಮ್ಮ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ "ಇಲ್ಲ" ಅಂದಳು. ಆ ಒಂದು "ಇಲ್ಲ"ಕ್ಕೆ ನಾನು ಹಿಂದಿನ ಚಳಿಗಾಲವಿಡೀ ಒದ್ದಾಡಿದ್ದೆ.

ನಮ್ಮದು 1930ರ ದಶಕದ ಇಟ್ಟಿಗೆ ಮನೆ, ಒಂದು ಗೋಡೆ ಪಕ್ಕದವರಿಗೆ ಅಂಟಿಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ಇಲ್ಲಿಯ ಸರ್ಕಾರ, ಹಳೆಯ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸುವವರಿಗೆ ಕೊಡುವ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮಿನ ಸಹಾಯಧನವನ್ನು 5,000ದಿಂದ 7,500 ಪೌಂಡಿಗೆ ಏರಿಸಿತು. ರೇಡಿಯೇಟರಿನ ನೀರು ಕಾಯಿಸುತ್ತಿದ್ದ ನಮ್ಮ ಹಳೆಯ ಗ್ಯಾಸ್ ಬಾಯ್ಲರ್ ಹೇಗೂ ಕೊನೆಯುಸಿರು ಎಳೆಯುತ್ತಿತ್ತು. ಡಿಸೆಂಬರ್ ಹೊತ್ತಿಗೆ ಹಿತ್ತಲಲ್ಲಿ ಹೀಟ್ ಪಂಪ್ ಬಂದು ಕೂತಿತು. ಹೊರಗಿನ ಗಾಳಿಯಿಂದ ಶಾಖ ಹೀರಿ ರೇಡಿಯೇಟರಿನ ನೀರಿಗೆ ಕೊಡುವ ಯಂತ್ರ, ಫ್ರಿಜ್ಜಿನ ಕೆಲಸವೇ, ತಿರುಗುಮುರುಗಾಗಿ.

ಜೋಡಿಸಿದವರು ರೇಡಿಯೇಟರಿಗೆ ಹೋಗುವ ನೀರನ್ನು 55 ಡಿಗ್ರಿಗೆ ಕಟ್ಟಿ, ಹಳೆಯ ಬಾಯ್ಲರಿನ ಟೈಮ್‌ಟೇಬಲ್ಲನ್ನೇ ಹಾಕಿ ಹೋದರು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಹತ್ತು. ಉಳಿದ ಹೊತ್ತು ಮನೆ 15 ಡಿಗ್ರಿಗೆ ಇಳಿಯುವವರೆಗೂ ಪಂಪು ಸುಮ್ಮನಿರಬೇಕು. ಪ್ರತಿ ಬೆಳಿಗ್ಗೆ ಅದು ಏದುಸಿರು ಬಿಡುತ್ತ ಏಳುತ್ತಿತ್ತು. ನಾವು ಕೆಲಸಕ್ಕೆ ಹೊರಡುವ ಹೊತ್ತಿಗೆ ಮನೆ ಬೆಚ್ಚಗಾಗುತ್ತಿತ್ತು. ಹವೆ ಸ್ವಲ್ಪ ಹಿತವಾದ ದಿನಗಳಲ್ಲಿ ಇನ್ನೊಂದು ಕಾಟ: ಗಂಟೆಗೆ ಏಳೆಂಟು ಸಲ ಕಂಪ್ರೆಸರ್ ಹತ್ತುವುದು, ಆರುವುದು. 2024ರ ಜನವರಿಯಲ್ಲಿ 736 ಯೂನಿಟ್ ಕರೆಂಟು ತಿಂದು 1,840 ಯೂನಿಟ್ ಶಾಖ ಕೊಟ್ಟಿತು. ಒಂದಕ್ಕೆ ಎರಡೂವರೆ.

ಎರಡೂವರೆ ಪಟ್ಟು ಅಂದರೆ ಕೇಳಲು ಚೆನ್ನ. ಆದರೆ ಆಗ ಇಲ್ಲಿ ಕರೆಂಟು ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು ದುಬಾರಿಯಾಗಿತ್ತು. 2025ರ ಮೊದಲ ಮೂರು ತಿಂಗಳಿಗೆ ಇಂಧನ ದರ ನಿಯಂತ್ರಿಸುವ ಸಂಸ್ಥೆ ಆಫ್‌ಜೆಮ್ ಹಾಕಿದ ಮಿತಿಯಲ್ಲಿ ಸರಾಸರಿ ದರ ಯೂನಿಟ್ ಕರೆಂಟಿಗೆ 24.86 ಪೆನ್ಸ್, ಗ್ಯಾಸಿಗೆ 6.34. ಬಾಯ್ಲರಿನಲ್ಲಿ ನೂರಕ್ಕೆ ಹತ್ತು ಭಾಗ ಚಿಮಣಿ ಪಾಲಾಗುತ್ತದೆ ಎಂದು ಹಿಡಿದರೆ ಗ್ಯಾಸಿನ ಶಾಖ ಯೂನಿಟ್ಟಿಗೆ 7 ಪೆನ್ಸ್. ಅದಕ್ಕೆ ಸಮನಾಗಲು ಹೀಟ್ ಪಂಪು ಒಂದಕ್ಕೆ ಮೂರೂವರೆ ಕೊಡಬೇಕಿತ್ತು. ನನ್ನದು ಕೊಡುತ್ತಿದ್ದುದು ಎರಡೂವರೆ! ಯಂತ್ರ ಕೆಟ್ಟಿರಲಿಲ್ಲ. ನಾವು ಅದನ್ನು ಬಾಯ್ಲರಿನ ಹಾಗೆ ದುಡಿಸುತ್ತಿದ್ದೆವು.

ನಾನು ಎಂಜಿನಿಯರ್ ಅಲ್ಲ, ಫಾರ್ಮಸಿಸ್ಟ್. ಆದರೆ ಡೋಸ್ ಹೊಂದಿಸುವುದು ನನಗೆ ಗೊತ್ತು: ಒಮ್ಮೆಗೆ ಒಂದನ್ನೇ ಬದಲಿಸು, ಕಾದು ನೋಡು, ಬರೆದಿಡು. ಇಟ್ಟಿಗೆ ಮನೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಇವತ್ತು ತಿರುಗಿಸಿದ್ದರ ಫಲ ನಾಳಿದ್ದು ಗೊತ್ತಾಗುತ್ತದೆ. ಹಾಗಾಗಿ ಎರಡು ದಿನಕ್ಕೊಂದು ಬದಲಾವಣೆ ಎಂದು ನಿಯಮ ಮಾಡಿಕೊಂಡೆ. ಚಳಿ ತಡೆಯದೆ ಅರ್ಧ ಗಂಟೆಗೊಮ್ಮೆ ಗುಂಡಿ ಒತ್ತುತ್ತಿದ್ದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ. ಪಂಪಿನ ಆ್ಯಪ್ ತೋರಿಸುವ ಲೆಕ್ಕ ಬಹುಮಟ್ಟಿಗೆ ಅಂದಾಜು. ನಾವು ಹೀಟ್ ಮೀಟರನ್ನೂ ಪಂಪಿಗೇ ಬೇರೆ ಕರೆಂಟ್ ಮೀಟರನ್ನೂ ಹಾಕಿಸಿದ್ದೆವು. ಅದೊಂದು ಖರ್ಚಿನ ಬಗ್ಗೆ ಇವತ್ತಿಗೂ ಖುಷಿಯಿದೆ.

ಮೊದಲು ಕೈಹಾಕಿದ್ದು ನೀರಿನ ಬಿಸಿಗೆ. ಪಂಪು ಶಾಖವನ್ನು ತಂಪಿನಿಂದ ಬಿಸಿಗೆ ಎತ್ತುತ್ತದೆ. ಎತ್ತುವ ಎತ್ತರ ಕಡಿಮೆಯಾದಷ್ಟೂ ಕರೆಂಟು ಕಡಿಮೆ. ಹೊರಗೆ ಸೊನ್ನೆ ಡಿಗ್ರಿ ಇದ್ದಾಗ 55ಕ್ಕೆ ಎತ್ತುವುದಕ್ಕೂ 35ಕ್ಕೆ ಎತ್ತುವುದಕ್ಕೂ ಇರುವ ಅಂತರ, ಬಾವಿಯಿಂದ ನೀರು ಸೇದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ತಣ್ಣಗಾದಷ್ಟೂ ರೇಡಿಯೇಟರ್ ಕೊಡುವ ಶಾಖವೂ ಕಡಿಮೆ, ನಿಜ. ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಿದ್ದಾಗ ಎಷ್ಟು ಕೊಡುತ್ತದೋ ಅದರ ಕಾಲು ಭಾಗವನ್ನಷ್ಟೇ 17-18 ಡಿಗ್ರಿ ಹೆಚ್ಚಿದ್ದಾಗ ಕೊಡುತ್ತದೆ. ಆದರೆ 55ರ ನೀರೂ ಕೋಣೆಗಿಂತ 35 ಡಿಗ್ರಿಯಷ್ಟೇ ಹೆಚ್ಚು ಬಿಸಿ. ಕಾಲು ಭಾಗ ಇಪ್ಪತ್ನಾಲ್ಕು ಗಂಟೆಯೂ ಬರುತ್ತಿದ್ದರೆ, ಬೆಳಿಗ್ಗೆ ಎರಡು ಗಂಟೆ ಸಂಜೆ ಐದು ಗಂಟೆ ಉರಿಸಿದ್ದಕ್ಕೆ ಸಮನಾಗಲು ಅದು ಸಾಕುಸಾಕು.

ಹಾಗೆಂದು ವರ್ಷವಿಡೀ ಒಂದೇ ಬಿಸಿ ನಡೆಯುವುದಿಲ್ಲ. ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಪಂಪಿನಲ್ಲೇ ಇದೆ. ವೆದರ್ ಕಾಂಪೆನ್ಸೇಶನ್ ಅನ್ನುತ್ತಾರೆ, ನಾವು ಮನೆಯಲ್ಲಿ ಕರ್ವ್ ಅನ್ನುತ್ತೇವೆ. ಎರಡು ತುದಿ ಹೇಳಿಕೊಟ್ಟರೆ ಸಾಕು, ನಡುವಿನದನ್ನು ಅದೇ ನೋಡಿಕೊಳ್ಳುತ್ತದೆ. ನಾನು ಶುರು ಮಾಡಿದ್ದು ಹೊರಗೆ ಮೈನಸ್ 3 ಇದ್ದರೆ 48, ಹೊರಗೆ 15 ಇದ್ದರೆ 30 ಎಂದು. ಆಮೇಲೆ ಎರಡು ದಿನಕ್ಕೊಂದು ಡಿಗ್ರಿ ಇಳಿಸುತ್ತ ಹೋದೆ, ಮನೆಯಲ್ಲಿ ಯಾರಾದರೂ "ಚಳಿ" ಅನ್ನುವವರೆಗೆ.

ಇಲ್ಲಿ ನನಗೆ ತುಂಬ ದಿನ ಹಿಡಿದದ್ದು ಒಂದು ವಿಷಯ. ಯಾವ ತುದಿಯನ್ನು ಮುಟ್ಟಬೇಕು? ಹಿತವಾದ ದಿನಗಳಲ್ಲಿ ಮನೆ ಸರಿಯಾಗಿದ್ದು, ಹಿಮ ಬೀಳುವ ದಿನ ಮಾತ್ರ ತಣ್ಣಗಾದರೆ ಚಳಿಯ ತುದಿಯನ್ನು ಏರಿಸಬೇಕು. ಎಲ್ಲ ದಿನವೂ ಒಂದೇ ಸಮನೆ ತಣ್ಣಗಿದ್ದರೆ ಎರಡೂ ತುದಿಗಳನ್ನು ಒಟ್ಟಿಗೆ. ಹಿಮದ ದಿನ ಸರಿಯಿದ್ದು, ಮಾರ್ಚಿನ ಬಿಸಿಲಿಗೆ ಸೆಕೆಯಾದರೆ ಆಚೆ ತುದಿಯನ್ನು ಇಳಿಸಬೇಕು. ಇದು ಅರ್ಥವಾಗದೆ ಮೊದಲ ಫೆಬ್ರವರಿ ಪೂರ್ತಿ ಕರ್ವನ್ನು ಹಗ್ಗದ ಹಾಗೆ ಮೇಲೆ ಕೆಳಗೆ ಎಳೆದಾಡಿದೆ. ಪುಸ್ತಕದಲ್ಲಿ ಹೊರಗಿನ ಡಿಗ್ರಿಯ ಪಕ್ಕದಲ್ಲೇ ಒಳಗಿನದನ್ನು ಬರೆಯತೊಡಗಿದ ಮೇಲೆ ಹಾದಿ ಕಂಡಿತು. ಈಗ ಮೈನಸ್ 3ಕ್ಕೆ 44, 15ಕ್ಕೆ 27ರಲ್ಲಿ ನಿಂತಿದೆ.

ಕರ್ವ್ ಸರಿಯಾದ ಮೇಲೆ, ಕೋಣೆ ಇಷ್ಟು ಬಿಸಿಯಾದರೆ ಸಾಕೆಂದು ನಿಲ್ಲಿಸುವ ಥರ್ಮೋಸ್ಟಾಟಿಗೆ ಕೆಲಸವಿಲ್ಲ. ಅದನ್ನು 22ಕ್ಕೆ ಇಟ್ಟು ಮರೆತಿದ್ದೇನೆ, ಬಿಸಿಲು ಜಾಸ್ತಿಯಾದ ದಿನ ತಡೆಯಲಿಕ್ಕಷ್ಟೇ. ರೇಡಿಯೇಟರುಗಳ ತುದಿಯಲ್ಲಿರುವ ಥರ್ಮೋಸ್ಟಾಟ್ ವಾಲ್ವುಗಳನ್ನೂ ಪೂರ್ತಿ ತೆರೆದೆ. ಖಾಲಿ ಕೋಣೆಯದನ್ನು ಮುಚ್ಚಿದರೆ ಉಳಿತಾಯ ಎಂದು ನಾವೆಲ್ಲ ಕಲಿತಿದ್ದೇವೆ. ಇಲ್ಲಿ ಅದು ತಿರುಗುಬಾಣ. ತಿರುಗುವ ನೀರು ಕಡಿಮೆಯಾಗಿ ಪಂಪು ಹತ್ತಿ ಆರುವುದು ಹೆಚ್ಚುತ್ತದೆ, ಉಳಿದ ಕೋಣೆಗಳಿಗೆ ನೀರನ್ನು ಇನ್ನಷ್ಟು ಕಾಯಿಸಬೇಕಾಗುತ್ತದೆ.

ಆದರೂ ಅಮ್ಮನಿಗೆ ಕೊಡಬೇಕೆಂದಿದ್ದ ಮಹಡಿಯ ಹಿಂದಿನ ಕೋಣೆ 18 ದಾಟುತ್ತಿರಲಿಲ್ಲ. ಅವಳು ಬರುವ ವಾರದ ಮುಂಚೆ, ಒಂದು ಶನಿವಾರ, ಸಣ್ಣ ಸ್ಪ್ಯಾನರ್ ಮತ್ತು ಪೈಪಿಗೆ ಕಚ್ಚಿಸುವ ಎರಡು ಥರ್ಮಾಮೀಟರ್ ಹಿಡಿದು ಕೂತೆ. ಪ್ರತಿ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೊಪ್ಪಿಗೆಯಡಿ, ಎಷ್ಟು ನೀರು ಹರಿಯಬೇಕೆಂದು ಹೊಂದಿಸುವ ಒಂದು ವಾಲ್ವ್ ಇರುತ್ತದೆ. ಪಂಪಿಗೆ ಹತ್ತಿರದ ನಡುಮನೆಯ ರೇಡಿಯೇಟರಿಗೆ ನೀರು ಹೋಗುವಾಗ 38, ಬರುವಾಗ 36. ಅಂದರೆ ನೀರು ಅಲ್ಲೇ ಧಾರಾಳವಾಗಿ ಸುತ್ತು ಹಾಕಿ ವಾಪಸಾಗುತ್ತಿದೆ. ಅಮ್ಮನ ಕೋಣೆಯಲ್ಲಿ ಹೋಗುವಾಗ 37, ಬರುವಾಗ 27. ನೀರು ಅಲ್ಲಿಗೆ ತೊಟ್ಟಿಕ್ಕುತ್ತಿದೆ. ನಡುಮನೆಯ ವಾಲ್ವನ್ನು ಕಾಲು ಸುತ್ತು ಬಿಗಿಮಾಡು, ಇಪ್ಪತ್ತು ನಿಮಿಷ ಕಾಯಿ, ಮೆಟ್ಟಿಲು ಹತ್ತಿ ಮೇಲೆ ನೋಡು. ಮತ್ತೆ ಕಾಲು ಸುತ್ತು. ಒಂಬತ್ತು ರೇಡಿಯೇಟರುಗಳಲ್ಲೂ ಅಂತರ 5 ಡಿಗ್ರಿಯ ಆಸುಪಾಸಿಗೆ ಬರುವಷ್ಟರಲ್ಲಿ ಕತ್ತಲಾಗಿ ಮೊಣಕಾಲು ಹಿಡಿದುಕೊಂಡಿತ್ತು. ಭಾನುವಾರ ಸಂಜೆ ಆ ಕೋಣೆ 20 ಮುಟ್ಟಿತು, ನೀರಿನ ಬಿಸಿ ಒಂದು ಡಿಗ್ರಿಯೂ ಏರದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ. ಒಂದು ಕಾಸೂ ಖರ್ಚಿಲ್ಲ.

ರಾತ್ರಿ ಪೂರ್ತಿ ಆರಿಸುವುದನ್ನೂ ಬಿಟ್ಟೆ. ರಾತ್ರಿ ಕಳೆದುಕೊಂಡ ಶಾಖವನ್ನು ನಸುಕಿನ ಕೊರೆಯುವ ಚಳಿಯಲ್ಲಿ ಪಂಪು ಜೋರಾಗಿ ಓಡಿ ತುಂಬಬೇಕು, ಅದು ಅದಕ್ಕೆ ಅತ್ಯಂತ ಕಷ್ಟದ ಹೊತ್ತು. ಈಗ ಹತ್ತೂವರೆಯಿಂದ ಐದರವರೆಗೆ ಒಂದೂವರೆ ಡಿಗ್ರಿ ಇಳಿಕೆ, ಅದೂ ನಮಗೆ ತಂಪಿನಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆಂದು. ಸ್ನಾನದ ನೀರಿನ ಟ್ಯಾಂಕನ್ನು 55ರಿಂದ 48ಕ್ಕೆ ಇಳಿಸಿ, ಕಾಯಿಸುವ ಹೊತ್ತನ್ನು ಮಧ್ಯಾಹ್ನ ಒಂದು ಗಂಟೆಗೆ ಹಾಕಿದೆ, ಹೊರಗಿನ ಗಾಳಿ ಇದ್ದುದರಲ್ಲಿ ಬೆಚ್ಚಗಿರುವಾಗ. ವಾರಕ್ಕೊಮ್ಮೆ 60ಕ್ಕೆ ಏರುತ್ತದೆ. ನಿಂತ ಬೆಚ್ಚನೆ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಇದರಲ್ಲಿ ಜಿಪುಣತನ ಸಲ್ಲದು. ಅಮ್ಮ ಬಕೆಟ್ಟಿಗೆ ಬಿಟ್ಟುಕೊಂಡು ಚೊಂಬಿನಲ್ಲಿ ಹೊಯ್ದುಕೊಳ್ಳುವವಳು. 48ರ ನೀರಿಗೂ ತಣ್ಣೀರು ಬೆರೆಸಿಯೇ ಮೀಯುತ್ತಿದ್ದಳು.

2025ರ ಜನವರಿ ಮೊದಲ ವಾರ ಹಿಮ ಸುರಿದು ಲೀಡ್ಸ್ ಬ್ರ್ಯಾಡ್‌ಫರ್ಡ್ ವಿಮಾನ ನಿಲ್ದಾಣದ ರನ್‌ವೇ ಮುಚ್ಚಿತು. ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೂಗಿದಳು, "ಹೊಗೆ ಬರ್ತಾ ಇದೆ ನೋಡೇ!" ಪಂಪಿನಿಂದ ಬಿಳಿ ಮೋಡ ಏಳುತ್ತಿತ್ತು. ಫ್ಯಾನ್ ನಿಂತಿತ್ತು, ಅಡಿಯಿಂದ ನೀರು ಸೋರುತ್ತಿತ್ತು. ಅದು ಹೊಗೆಯಲ್ಲ, ಹಬೆ. ಗಾಳಿಯಿಂದ ಶಾಖ ಹೀರುವ ಹೊರಗಿನ ಕಾಯಿಲ್ (ಕೊಳವೆಯ ಸುರುಳಿ) ಮೇಲೆ ಕಟ್ಟಿದ ಹಿಮವನ್ನು ಪಂಪು ಮನೆಯ ನೀರಿನ ಶಾಖ ವಾಪಸ್ ತೆಗೆದುಕೊಂಡು ಕರಗಿಸುತ್ತದೆ. ಒಣ ಚಳಿಗಿಂತ ಸೊನ್ನೆಯಿಂದ ಮೂರು ಡಿಗ್ರಿಯ ತೇವದ ಚಳಿಯಲ್ಲಿ ಇದು ಹೆಚ್ಚು. ವಾಲ್ವುಗಳೆಲ್ಲ ತೆರೆದಿರಲಿ ಎನ್ನುವುದಕ್ಕೆ ಇದೂ ಒಂದು ಕಾರಣ, ಕರಗಿಸಲು ಸಾಕಷ್ಟು ಬೆಚ್ಚನೆ ನೀರು ಸಿಗಬೇಕು. ನಾನು ಸಲಿಕೆ ತೆಗೆದುಕೊಂಡು ಹೋಗಿ ಪಂಪಿನ ಮುಂದಿನ ಹಿಮ ಎಳೆದೆ. ಕರಗಿದ ನೀರು ಹಾದಿಯ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಅಲ್ಲಿಗೆ ಉಪ್ಪು ಚೆಲ್ಲಿ, ಅಮ್ಮನಿಗೆ ಆ ಕಡೆ ಕಾಲಿಡಬೇಡ ಎಂದು ಹೇಳಿದೆ.

ಆ ತಿಂಗಳು 515 ಯೂನಿಟ್ಟಿಗೆ 1,930 ಯೂನಿಟ್ ಶಾಖ ಬಂತು. ಒಂದಕ್ಕೆ ಮೂರೂ ಮುಕ್ಕಾಲು, ಮನೆಯೂ ಹಿಂದಿನ ವರ್ಷಕ್ಕಿಂತ ಬೆಚ್ಚಗಿತ್ತು. ಅಡುಗೆಮನೆಯಲ್ಲಿ ಇನ್ನೂ ಒಂದೇ ಪದರದ ಹಳೆಯ ರೇಡಿಯೇಟರ್ ಇದೆ. ಎರಡು ಪದರದ್ದು ತಂದಿಟ್ಟಾಗಿದೆ. ಅದು ಗೋಡೆಗೆ ಹತ್ತಿದ ಮೇಲೆ ಕರ್ವಿನ ಚಳಿಯ ತುದಿಯನ್ನು 42ಕ್ಕೆ ಇಳಿಸಿ ನೋಡುವುದಿದೆ.