ಹಸಿ ಸ್ವೀಟ್ ಕಾರ್ನ್ ತೂಗಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಶನಿವಾರ ಅಂದರೆ ಕೋಸಂಬರಿ. ನೆನೆಸಿದ ಹೆಸರುಬೇಳೆ, ಆಗತಾನೇ ಬಿಡಿಸಿದ ಹಸಿ ಸ್ವೀಟ್ ಕಾರ್ನ್, ತೆಂಗಿನತುರಿ, ಹಸಿಮೆಣಸು, ನಿಂಬೆರಸ, ಮೇಲೊಂದು ಇಂಗಿನ ಒಗ್ಗರಣೆ. ನಮ್ಮ ಯಜಮಾನರಿಗೆ ಶುಗರ್ ಇದೆ ಅಂತ ಗೊತ್ತಾದ ಮೇಲೆ ಇದನ್ನು ಇನ್ನೂ ಜಾಸ್ತಿ ಮಾಡತೊಡಗಿದೆ. ಸೌತೆಕಾಯಿ, ಕ್ಯಾರೆಟ್ ಇದ್ದ ಹಾಗೆ ಇದೂ ಒಂದು ತರಕಾರಿ, ಹಸಿಯಾಗಿ ತಿಂದರೆ ಇನ್ನೂ ಒಳ್ಳೆಯದು ಅಂತ ನಂಬಿದ್ದೆ. ಅವರೊಬ್ಬರ ಬಟ್ಟಲಿಗೇ ಎರಡು ತೆನೆಯ ಕಾಳು ಹೋಗುತ್ತಿತ್ತು. ಅನ್ನ, ಸಾರು ಎಂದಿನಷ್ಟೇ.

ಒಂದು ಶನಿವಾರ ಊಟವಾದ ಎರಡು ಗಂಟೆಯ ನಂತರ ಗ್ಲುಕೋಮೀಟರ್‌ನಲ್ಲಿ 212 ತೋರಿಸಿತು. ಅವರು ಸಪ್ಪಗಾಗಿ, “ಸಿಹಿ ಏನೂ ತಿಂದಿಲ್ವಲ್ಲೇ” ಅಂದರು. ಆ ಮಾತು ಮನಸ್ಸಿಗೆ ತುಂಬ ನಾಟಿತು. ಬಡಿಸಿದವಳು ನಾನು ತಾನೇ.

ಮರುದಿನವೇ ತೂಗಲು ಕೂತೆ. ಸಿಪ್ಪೆ ಸಮೇತ ತೆನೆ 310 ಗ್ರಾಂ ಇತ್ತು. ಸಿಪ್ಪೆ, ಕೂದಲು, ದಿಂಡು ಎಲ್ಲ ತೆಗೆದ ಮೇಲೆ ಕಾಳು ಸಿಕ್ಕಿದ್ದು 118 ಗ್ರಾಂ. ಆಮೇಲೆ ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿ ತೆಗೆದು ನೋಡಿದೆ. 100 ಗ್ರಾಂ ಹಸಿ ಹಳದಿ ಸ್ವೀಟ್ ಕಾರ್ನ್‌ನಲ್ಲಿ 86 ಕ್ಯಾಲೊರಿ. ನೀರೇ 76 ಗ್ರಾಂ. ಕಾರ್ಬೋಹೈಡ್ರೇಟ್ ಸುಮಾರು 19 ಗ್ರಾಂ, ಅದರಲ್ಲಿ ಸಕ್ಕರೆ 6 ಗ್ರಾಂ. ಪ್ರೋಟೀನ್ 3 ಗ್ರಾಂ ಚಿಲ್ಲರೆ, ನಾರು 2 ಗ್ರಾಂ, ಕೊಬ್ಬು 1 ಗ್ರಾಂ ಚಿಲ್ಲರೆ.

ನನ್ನ ಕಣ್ಣು ನಿಂತದ್ದು ಆ 19ರ ಮೇಲೆ. ಕಾರ್ಬೋಹೈಡ್ರೇಟ್‌ನಲ್ಲಿ ಹೆಚ್ಚಿನದು ಕೊನೆಗೆ ರಕ್ತದಲ್ಲಿ ಸಕ್ಕರೆಯಾಗುವುದು ತಾನೇ. ಅಷ್ಟೇ ತೂಕದ ಸೌತೆಕಾಯಿಯಲ್ಲಿ ಇದು 4 ಗ್ರಾಂ ಕೂಡ ಇಲ್ಲ, ಕ್ಯಾರೆಟ್‌ನಲ್ಲಿ 10ರ ಹತ್ತಿರ. ಬೆಂದ ಅನ್ನದಲ್ಲಿ ಸುಮಾರು 28. ಲೆಕ್ಕ ಹಾಕಿದೆ. ಎರಡು ತೆನೆಯ ಕಾಳು ಅಂದರೆ 44 ಗ್ರಾಂ ಕಾರ್ಬೋಹೈಡ್ರೇಟ್. 150 ಗ್ರಾಂಗೂ ಜಾಸ್ತಿ ಅನ್ನ ತಿಂದ ಹಾಗೆ. ಅದರ ಪಕ್ಕದಲ್ಲಿ ನಾನು ಮತ್ತೆ ಅನ್ನವನ್ನೇ ಬಡಿಸುತ್ತಿದ್ದೆ.

ಇದು ತರಕಾರಿ ಅಲ್ಲ, ಧಾನ್ಯ. ಮುಸುಕಿನ ಜೋಳವೇ ಇದು. ಅದರದೇ ಒಂದು ಸಿಹಿ ತಳಿ, ಬಲಿಯುವ ಮೊದಲು, ಹಾಲುಗಾಳು ಇರುವಾಗಲೇ ಕಿತ್ತದ್ದು. ಒಣಗಿದ ಮುಸುಕಿನ ಜೋಳದಲ್ಲಿ 100 ಗ್ರಾಂಗೆ ಕಾರ್ಬೋಹೈಡ್ರೇಟ್ 74 ಗ್ರಾಂ ಇರುತ್ತದೆ. ಇಲ್ಲಿ ನೀರು ತುಂಬಿಕೊಂಡಿರುವುದರಿಂದ ಅಂಕಿ ಸಣ್ಣದಾಗಿ ಕಾಣುತ್ತದೆ.

ಹಾಗಂತ ಕೋಸಂಬರಿ ಬಿಡಲಿಲ್ಲ. ಬಿಡುವ ಅಗತ್ಯವೂ ಇಲ್ಲ. ಅವರ ಪಾಲಿಗೆ ಒಂದೇ ತೆನೆ, ಅಷ್ಟಕ್ಕೆ ಸರಿಯಾಗಿ 80 ಗ್ರಾಂ ಅನ್ನ ಕಡಿಮೆ ಮಾಡಿದೆ. ಬೇಳೆ, ಸೌತೆಕಾಯಿ ಹೆಚ್ಚಿಸಿದೆ. ಮುಂದಿನ ಮೂರು ಶನಿವಾರ 158, 164, 151 ಬಂತು. ಇದು ಅವರ ದೇಹ, ಅವರ ಮಾತ್ರೆಯ ಲೆಕ್ಕ. ನಿಮ್ಮ ಮನೆಯಲ್ಲಿ ಮೀಟರ್ ಹಿಡಿದು ನೀವೇ ನೋಡಬೇಕು, ಡಾಕ್ಟರ್ ಹತ್ತಿರವೂ ಕೇಳಬೇಕು.

ಬೇಳೆ ಹೆಚ್ಚಿಸಿದ್ದಕ್ಕೆ ಇನ್ನೊಂದು ಲಾಭ ಇದೆ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಹೆಸರುಬೇಳೆಯಲ್ಲಿ ಅದು ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತೆಂಗಿನತುರಿಯೂ ಸುಮ್ನೆ ರುಚಿಗೆ ಹಾಕುವುದಲ್ಲ. ಕಾಳಿಗೆ ಹಳದಿ ಬಣ್ಣ ಕೊಡುವ ಲೂಟೀನ್, ಜಿಯಾಕ್ಸಾಂಥಿನ್ ಕಣ್ಣಿಗೆ ಬೇಕಾದವು. ಅವು ಕೊಬ್ಬಿನ ಜೊತೆ ಹೋದರೇ ಮೈಗೆ ಚೆನ್ನಾಗಿ ಹಿಡಿಯುವುದು. ನಮ್ಮ ಅತ್ತೆ ಯಾವ ಪಟ್ಟಿಯನ್ನೂ ನೋಡದೆ ಐವತ್ತು ವರ್ಷದಿಂದ ಹೀಗೇ ಕಲಸುತ್ತಿದ್ದಾರೆ!

ಇನ್ನು ಹಸಿಯೋ, ಬೇಯಿಸಿದ್ದೋ? ಹಸಿಯೇ ಮೇಲು ಅಂತ ನಾನು ಎಲ್ಲರ ಹತ್ತಿರ ವಾದ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಹಸಿ ಕಾಳಿನಲ್ಲಿ ವಿಟಮಿನ್ ಸಿ 100 ಗ್ರಾಂಗೆ 7 ಮಿಲಿಗ್ರಾಂ ಹತ್ತಿರ ಇದೆ, ಫೋಲೇಟ್ 42 ಮೈಕ್ರೋಗ್ರಾಂ, ಪೊಟ್ಯಾಸಿಯಂ 270 ಮಿಲಿಗ್ರಾಂ. ಕುದಿಸಿ ನೀರು ಚೆಲ್ಲಿದರೆ ಇವುಗಳಲ್ಲಿ ಸ್ವಲ್ಪ ಆ ನೀರಿನ ಜೊತೆಯೇ ಹೋಗುತ್ತದೆ. ಆದರೆ 2002ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಸ್ವೀಟ್ ಕಾರ್ನ್ ಅನ್ನು 115 ಡಿಗ್ರಿಯಲ್ಲಿ 25 ನಿಮಿಷ ಬಿಸಿ ಮಾಡಿ ಪರೀಕ್ಷಿಸಿದರು. ವಿಟಮಿನ್ ಸಿ ಕಾಲು ಭಾಗ ಕಡಿಮೆಯಾಯಿತು, ಆದರೆ ಆಂಟಿಆಕ್ಸಿಡೆಂಟ್ ಶಕ್ತಿ, ಅಂದರೆ ಜೀವಕೋಶಗಳ ಹಾನಿ ತಡೆಯುವ ಶಕ್ತಿ, 44% ಹೆಚ್ಚಿತು. ಕಾಳಿನ ಗೋಡೆಗೆ ಅಂಟಿಕೊಂಡಿದ್ದ ಫೆರುಲಿಕ್ ಆಮ್ಲ ಎಂಬ ಆಂಟಿಆಕ್ಸಿಡೆಂಟ್ ಬಿಸಿಗೆ ಬಿಡಿಸಿಕೊಂಡು ಬರುತ್ತದೆ. ಅಂದರೆ ಹಸಿಯಲ್ಲಿ ಒಂದು ಉಳಿಯುತ್ತದೆ, ಬೇಯಿಸಿದ್ದರಲ್ಲಿ ಇನ್ನೊಂದು ಸಿಗುತ್ತದೆ. ವಿಟಮಿನ್ ಸಿ ಬೇಕಾದರೆ ನಮಗೆ ನಿಂಬೆರಸ, ಸೀಬೆಹಣ್ಣು ಇದ್ದೇ ಇವೆ ಅಲ್ವಾ? ಈಗ ವಾರಕ್ಕೆ ಒಂದು ದಿನ ಹಸಿ, ಒಂದು ದಿನ ಹಬೆಯಲ್ಲಿ ಬೇಯಿಸಿದ್ದು.

ಹಸಿ ತಿನ್ನಬೇಕಾದರೆ ಮಾತ್ರ ತೆನೆ ತಾಜಾ ಇರಲೇಬೇಕು. ಇದನ್ನು ಹೇಳಿಕೊಟ್ಟವನು ನಮ್ಮಣ್ಣ. ಗೌರಿಬಿದನೂರಿನ ಕಡೆ ಅರ್ಧ ಎಕರೆಗೆ ಹಾಕುತ್ತಾನೆ. ಬಿತ್ತನೆ ಬೀಜವನ್ನು ಅಂಗೈಯಲ್ಲಿ ಹಾಕಿ ತೋರಿಸಿದ. ಎಲ್ಲ ಸುಕ್ಕುಸುಕ್ಕು. ಮಾಮೂಲಿ ಜೋಳದ ಹಾಗೆ ಪಿಷ್ಟ ತುಂಬಿಕೊಳ್ಳುವುದಿಲ್ಲ, ಅದಕ್ಕೇ ಒಣಗಿದಾಗ ಸುಕ್ಕಾಗುತ್ತದೆ ಅಂದ. ಕೂದಲು ಕಂದುಬಣ್ಣಕ್ಕೆ ತಿರುಗಿ ಒಣಗಿರಬೇಕು, ಕಾಳಿಗೆ ಉಗುರು ಒತ್ತಿದರೆ ಬಿಳಿ ಹಾಲು ಚಿಮ್ಮಬೇಕು. ಬೆಳಗಿನ ತಂಪಿನಲ್ಲೇ ಮುರಿಯಬೇಕು. ಮುರಿದ ಗಳಿಗೆಯಿಂದ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಸೆಕೆಯಲ್ಲಿ ಬೇಗ, ತಂಪಿನಲ್ಲಿ ನಿಧಾನ. ಈಗ ಬರುವ ಹೆಚ್ಚು ಸಿಹಿಯ ತಳಿಗಳಲ್ಲಿ ಇದು ನಿಧಾನ, ಆದರೂ ಬಿಸಿಲಲ್ಲಿ ಗಾಡಿಯ ಮೇಲೆ ಎರಡು ದಿನ ಕೂತ ತೆನೆ ಬಾಯಿಗೆ ಹಿಟ್ಟುಹಿಟ್ಟಾಗಿ ಸಿಗುತ್ತದೆ. ಅಂಥದ್ದನ್ನು ನಾನು ಹಸಿಯಾಗಿ ಬಳಸುವುದಿಲ್ಲ, ಸಾಂಬಾರಿಗೆ ಹಾಕುತ್ತೇನೆ. ಸಿಪ್ಪೆ ಸುಲಿದು ಪ್ಲಾಸ್ಟಿಕ್ ಸುತ್ತಿಟ್ಟದ್ದನ್ನೂ ಅಷ್ಟೇ. ಮನೆಗೆ ತಂದ ತೆನೆಯನ್ನು ಸಿಪ್ಪೆ ಸಮೇತ ಫ್ರಿಜ್‌ನಲ್ಲಿ ಇಟ್ಟು ತಿನ್ನುವ ಹೊತ್ತಿಗೆ ಸುಲಿದು ತೊಳೆಯುತ್ತೇನೆ.

ಅತ್ತೆಗೆ ಈಗ ಹಲ್ಲು ಗಟ್ಟಿಯಿಲ್ಲ. ಕಾಳಿನ ಹೊರಸಿಪ್ಪೆ ನಮ್ಮ ಹೊಟ್ಟೆಯಲ್ಲಿ ಕರಗುವುದಿಲ್ಲ, ಅಗಿಯದೆ ನುಂಗಿದರೆ ಇಡೀ ಕಾಳೇ ಹಾಗೇ ಹೊರಗೆ ಹೋಗುತ್ತದೆ. ಅದಕ್ಕೆ ಅವರ ಪಾಲಿನ ಕಾಳನ್ನು ಕುಟ್ಟಾಣಿಯಲ್ಲಿ ಹಾಕಿ ತರಿತರಿಯಾಗಿ ಕುಟ್ಟುತ್ತೇನೆ. ಹಾಲು ಬಿಟ್ಟುಕೊಂಡು ಬೇಳೆಗೆ ಚೆನ್ನಾಗಿ ಹತ್ತುತ್ತದೆ. ಹೋದ ಶನಿವಾರ ಯಜಮಾನರು ತಮ್ಮ ಬಟ್ಟಲು ಮುಗಿಸಿ, ಅತ್ತೆಯ ಬಟ್ಟಲಿನಿಂದ ಒಂದು ಚಮಚ ತೆಗೆದು ನೋಡಿದರು. “ನಾಳೆಯಿಂದ ನಂದೂ ಕುಟ್ಟು” ಅಂದರು. ಕುಟ್ಟುತ್ತೇನೆ, ಆದರೆ 118 ಗ್ರಾಂ ಮಾತ್ರ.