ಪಿ0135 ಬಂತು ಅಂತ ಸೀದಾ ಸೆನ್ಸರ್ ಬದಲಿಸಬ್ಯಾಡ್ರಿ

ಬಳ್ಳಾರಿ ಗೆಳೆಯರೇ, ಹೋದ ವಾರ ನನ್ನ ಹಳೇ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ಲೈಟ್ ಹತ್ತಿತು. ಸ್ಕ್ಯಾನರ್ ಹಾಕಿದ್ರೆ ಪಿ0135 ಅನ್ನೋ ದೋಷದ ಕೋಡ್ ಬಂತು. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ "ಆಕ್ಸಿಜನ್ ಸೆನ್ಸರ್ ಹೋಗೈತ್ರಿ, ಹೊಸದು ಹಾಕ್ಸಿ" ಅಂದ್ರು. ತಡೀರಿ ಅಂದು ಗಾಡಿ ಮನೆಗೆ ತಂದೆ.

ಈ ಕೋಡ್ ಹೇಳೋದು ಹೊಗೆ ಶುದ್ಧ ಮಾಡೋ ಕನ್ವರ್ಟರ್‌ಗಿಂತ ಮುಂಚೆ ಇರೋ, ಹೊಗೆಯಲ್ಲಿನ ಆಮ್ಲಜನಕ ಅಳೆಯೋ ಸೆನ್ಸರಿನ ಹೀಟರ್ (ಅದನ್ನ ಬಿಸಿ ಮಾಡೋ ಭಾಗ) ಸರ್ಕ್ಯೂಟ್‌ನಲ್ಲಿ ದೋಷ ಇದೆ ಅಂತ, ಅಷ್ಟೇ. ಮೊದಲು ಫ್ಯೂಸ್ ನೋಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೆನ್ಸರ್ ವೈರಿನ ಕಪ್ಲರ್ (ಜೋಡಿಸೋ ಪ್ಲಗ್) ಬಿಚ್ಚಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರಿಗೆ (ಹೆಚ್ಚಾಗಿ ಬಿಳಿ) ಮಲ್ಟಿಮೀಟರ್ ಹಿಡೀರಿ. ಕೆಲವೇ ಓಮ್ಸ್ ಬರಬೇಕು. ಓಪನ್ (ಸರ್ಕ್ಯೂಟ್ ಕಡಿದಂಗೆ) ತೋರಿಸಿದ್ರೆ ಹೀಟರ್ ಸುಟ್ಟಂಗೆ, ಆಗ ಖರ್ಚು ತಪ್ಪಲ್ಲ. ನಂದು 6 ತೋರಿಸ್ತು, ಅಂದ್ರೆ ಸೆನ್ಸರ್ ಪಾಪ ಚೆನ್ನಾಗೇ ಇತ್ತು!

ಎಂಜಿನ್ ಚಾಲು ಮಾಡಿ ಗಾಡಿ ಕಡೆಯ ಕಪ್ಲರ್‌ನಲ್ಲಿ 12 ವೋಲ್ಟ್ ಹುಡುಕಿದೆ, ಇಲ್ಲ. ವೈರ್ ಹಿಡ್ಕೊಂಡು ಹಿಂದೆ ಹೋದ್ರೆ ಬ್ಯಾಟರಿ ಕೆಳಗೆ ಇಲಿ ಕಡಿದು, ತಾಮ್ರ ಹಸಿರುಗಟ್ಟಿತ್ತು. ಬೆಸುಗೆ ಹಾಕಿ ಸ್ಲೀವ್ ತೊಡಿಸಿದೆ, ಕೋಡ್ ಅಳಿಸಿದೆ, ಮತ್ತೆ ಬಂದಿಲ್ಲ.

ಸಂಡೂರು ಕಡೆ ಓಡಾಡೋರು ಕಪ್ಲರ್ ಪಿನ್ನಿಗೆ ಕೂತ ಕೆಂಧೂಳನ್ನೂ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೆಗೀರಿ. ಕೋಡ್ ಪಿ0131 (ಅದೇ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ಕಡಿಮೆ ಅಂತ) ಇದ್ರೆ ಲೆಕ್ಕ ಬೇರೆ: ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಲೀಕ್ ಇದ್ರೂ ಅದು ಬರುತ್ತೆ.