ಕಾಲು ಮೈಲಿಗೆ ಹಳೇ ಬಾನವಿಲ್: ಮೊದಲು ಕಿಡಿ, ಆಮೇಲೆ ಪೆಟ್ರೋಲ್

ಬ್ರೈಟನ್ನಿನ ಕಡಲಂಚಿನ ಮೆಡೀರಾ ಡ್ರೈವ್‌ನಲ್ಲಿ 1905ರಲ್ಲೇ ವೇಗದ ಪಂದ್ಯ ನಡೆದಿತ್ತು. 1966ರಲ್ಲಿ ಹಳೇ ವಾಯುನೆಲೆಯೊಂದರ ರನ್‌ವೇ ಮೇಲೆ ಸ್ಯಾಂಟಾ ಪಾಡ್ ಶುರುವಾಯಿತು, ಬ್ರಿಟನ್ನಿನ ಡ್ರ್ಯಾಗ್ ಓಟಕ್ಕೆ ಒಂದು ಕಾಯಂ ನೆಲೆ ಸಿಕ್ಕಿತು. ನಿಂತಲ್ಲಿಂದ 402 ಮೀಟರ್ ಓಡುವ ಆ ಆಟಕ್ಕೆ ಟ್ರಯಂಫ್ ಮೋಟರ್‌ಸೈಕಲ್ಲಿನ 650 ಸಿಸಿ ಟ್ವಿನ್ (ಎರಡು ಸಿಲಿಂಡರಿನದು) ಹೇಳಿ ಮಾಡಿಸಿದಂಥ ಎಂಜಿನ್. ತೂಕ ಕಡಿಮೆ, ರಚನೆ ಸರಳ, ಕೆಳಗಿನಿಂದಲೇ ಎಳೆಯುತ್ತದೆ. ಇಲ್ಲಿ ಹೇಳುವ ಅಳತೆಗಳು 1968ರಿಂದ ಈಚಿನ ಟಿ120 ಬಾನವಿಲ್‌ಗೆ ಸೇರಿದವು: 71 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 82 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಎರಡು ಅಮಾಲ್ ಕಾನ್ಸೆಂಟ್ರಿಕ್ ಕಾರ್ಬುರೇಟರ್.

ಗಾಡಿ ಎಳೆಯುತ್ತಿಲ್ಲ ಅಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರಿಗೆ. ಇದೇ ದೊಡ್ಡ ತಪ್ಪು. ಇಗ್ನಿಷನ್ ಸರಿಯಿಲ್ಲದ ಎಂಜಿನ್ನಿಗೆ ಎಷ್ಟು ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಬದಲಿಸಿದರೂ ಅದು ಸುಳ್ಳನ್ನೇ ಹೇಳುತ್ತದೆ.

ತಿಂಗಳುಗಟ್ಟಲೆ ನಿಂತಿದ್ದ ಗಾಡಿಗೆ ಕಿಕ್ ಹೊಡೆಯುವ ಮುಂಚೆ ಎಂಜಿನ್ ತಳದ ಡ್ರೇನ್ ಪ್ಲಗ್ ಬಿಚ್ಚಿ. ಟ್ಯಾಂಕಿನ ಆಯಿಲ್ ಪಂಪ್ ಮೂಲಕ ಮೆಲ್ಲಗೆ ಇಳಿದು ಕ್ರ್ಯಾಂಕ್‌ಕೇಸ್ ತುಂಬಿರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ದಟ್ಟ ಹೊಗೆ ಬರುತ್ತದೆ, ಒತ್ತಡಕ್ಕೆ ಆಯಿಲ್ ಸೀಲ್ ಕಿತ್ತು ಬರಲೂಬಹುದು. ಸ್ಟಾರ್ಟ್ ಆದ ಮೇಲೆ ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು, ಆಯಿಲ್ ವಾಪಸ್ ಬರುತ್ತಿದೆಯೇ ನೋಡಿ. ಗುಳ್ಳೆ ಬೆರೆತು ಬಿಟ್ಟು ಬಿಟ್ಟು ಬಂದರೆ ಹೆದರಬೇಡಿ. ಒಳಗೆ ಕಳಿಸುವುದಕ್ಕಿಂತ ವಾಪಸ್ ಎಳೆಯುವ ಪಂಪ್ ದೊಡ್ಡದು.

ಟ್ಯಾಪೆಟ್ (ವಾಲ್ವ್ ತುದಿಯಲ್ಲಿ ಬಿಡಬೇಕಾದ ಸಂದು) ಎಂಜಿನ್ ತಣ್ಣಗಿರುವಾಗಲೇ ಹೊಂದಿಸಬೇಕು: ಇನ್‌ಲೆಟ್ 0.05 ಮಿ.ಮೀ., ಎಕ್ಸಾಸ್ಟ್ 0.10 ಮಿ.ಮೀ. ಒಂದು ಕಡೆಯ ಇನ್‌ಲೆಟ್ ವಾಲ್ವ್ ಪೂರ್ತಿ ತೆರೆದಿರುವಾಗ ಇನ್ನೊಂದು ಕಡೆಯದನ್ನು ಹೊಂದಿಸಿ. ಎಕ್ಸಾಸ್ಟಿಗೂ ಇದೇ ಕ್ರಮ.

ಈಗ ಕಿಡಿ. ಪಾಯಿಂಟ್ ಅಂದರೆ ತೆರೆದ ಕ್ಷಣಕ್ಕೆ ಕಿಡಿ ಹಾರಿಸುವ ಸ್ವಿಚ್, ಟೈಮಿಂಗ್ ಅಂದರೆ ಆ ಕಿಡಿ ಹಾರುವ ಗಳಿಗೆ. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಿರುಗಿಸಬಾರದು, ಏಕೆಂದರೆ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಎರಡೂ ಪಾಯಿಂಟಿನ ಗ್ಯಾಪನ್ನು ಕ್ಯಾಮ್ ಪೂರ್ತಿ ಎತ್ತಿದ ಜಾಗದಲ್ಲಿ 0.38 ಮಿ.ಮೀ.ಗೆ ಹೊಂದಿಸಿ. ಸ್ಪಾರ್ಕ್ ಪ್ಲಗ್ ಗ್ಯಾಪ್ 0.64 ಮಿ.ಮೀ.

ಪ್ರೈಮರಿ ಕವರಿನ ಕಿಂಡಿಯಲ್ಲಿ ಕಾಣುವ ರೋಟರ್ (ಆಲ್ಟರ್ನೇಟರಿನ ಸುತ್ತುವ ಭಾಗ) ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೇ ಲೂಕಾಸ್ ರೋಟರುಗಳಲ್ಲಿ ಹೊರಭಾಗ ನಡುಭಾಗದಿಂದ ಸಡಿಲಗೊಂಡು ಜಾರಿರಬಹುದು, ಜೊತೆಗೆ ಗುರುತೂ ಜಾರುತ್ತದೆ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಪ್ಲಗ್ ತೂತಿಗೆ ಪಿಸ್ಟನ್ ತಡೆ ಹಾಕಿ, ಎರಡೂ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ತಡೆದ ಎರಡು ಅಂಕಿಗಳ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರ ಮೇಲೆ ತಲುಪುವ ಜಾಗ. ಅಲ್ಲಿಂದ 38 ಡಿಗ್ರಿ ಮೊದಲು ಕಿಡಿ ಹಾರಬೇಕು. ಇದು ಪೂರ್ತಿ ಅಡ್ವಾನ್ಸ್ ಆದಾಗಿನ, ಅಂದರೆ ಕಿಡಿ ಅತಿ ಬೇಗ ಹಾರುವಾಗಿನ ಲೆಕ್ಕ.

ಎಂಜಿನ್ ವೇಗ ಏರಿದಂತೆ ಕಿಡಿಯನ್ನು ತಾನೇ ಮುಂಚಿತ ಮಾಡುವ ಆಟೋ ಅಡ್ವಾನ್ಸನ್ನು ಆ ಸ್ಥಿತಿಯಲ್ಲೇ ಹಿಡಿದಿಡಲು ನಡುವಿನ ಬೋಲ್ಟ್ ತೆಗೆದು, ಅದರಡಿ ದೊಡ್ಡ ತೂತಿನ ವಾಷರ್ ಹಾಕಿ. ಕ್ಯಾಮನ್ನು ಅದು ಸುತ್ತುವ ದಿಕ್ಕಿಗೇ ತಿರುಗಿಸಿ, ತೂಕದ ತುಂಡುಗಳು ಪೂರ್ತಿ ಅಗಲಿದಾಗ ಬೋಲ್ಟ್ ಬಿಗಿ ಮಾಡಿ. ಪಾಯಿಂಟ್ ತಂತಿಗೂ ಬಾಡಿಗೂ ನಡುವೆ 12 ವೋಲ್ಟ್ ಬಲ್ಬ್ ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಒಂದು ಸಿಲಿಂಡರನ್ನು ದೊಡ್ಡ ಪ್ಲೇಟ್ ತಿರುಗಿಸಿ ಹೊಂದಿಸಿ. ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ಸುತ್ತಿಸಿ, ಎರಡನೆಯದನ್ನು ಅದರದೇ ಚಿಕ್ಕ ಪ್ಲೇಟಿನಿಂದ ಹೊಂದಿಸಿ. ಪಾಯಿಂಟ್ ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ಸುತ್ತುವುದರಿಂದ ಅಲ್ಲಿ 1 ಡಿಗ್ರಿ ತಪ್ಪಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ ತಪ್ಪುತ್ತದೆ. ಎರಡು ಸಿಲಿಂಡರಿನ ನಡುವೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಉಳಿದರೆ ಎಂಜಿನ್ ವಿಪರೀತ ನಡುಗುತ್ತದೆ. ಅಡ್ವಾನ್ಸ್ ಅತಿಯಾದರೆ ಪೂರ್ತಿ ಆಕ್ಸಿಲರೇಟರಿನಲ್ಲಿ ಪಿಸ್ಟನ್ ತಲೆಯೇ ತೂತಾಗಬಹುದು. ಕೆಲಸ ಮುಗಿದ ಮೇಲೆ ಆ ವಾಷರ್ ತೆಗೆಯಲು ಮರೆಯಬೇಡಿ. ಮರೆತರೆ ಕಿಕ್ಕರ್ ವಾಪಸ್ ಹೊಡೆದು ಪಾದ ಮುರಿದೀತು.

ಆಟೋ ಅಡ್ವಾನ್ಸಿನ ಸ್ಪ್ರಿಂಗ್ ಸೊರಗಿದ್ದರೆ, ಇಲ್ಲವೇ ಒಣಗಿ ಕ್ಯಾಮ್ ಅಂಟಿಕೊಂಡರೆ ಐಡ್ಲಿಂಗ್ ಇಳಿಯುವುದೇ ಇಲ್ಲ. ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಿಸಿ, ಒಂದು ತೊಟ್ಟು ಎಣ್ಣೆ ಬಿಡಿ. ಕೊನೆಗೆ ಸ್ಟ್ರೋಬ್ ದೀಪದಿಂದ 3,000 ಆರ್‌ಪಿಎಂ ಹತ್ತಿರ ಪರೀಕ್ಷಿಸಿ. ದೀಪಕ್ಕೆ ಬೇರೆಯದೇ ಬ್ಯಾಟರಿ ಕೊಡಿ, ಗಾಡಿಯದನ್ನು ಹಂಚಿಕೊಂಡರೆ ತಪ್ಪು ಮಿನುಗು ಬರಬಹುದು. ಬೇರೆ ಬ್ಯಾಟರಿ ಇಲ್ಲದಿದ್ದರೆ, ಈ ಗಾಡಿಯಲ್ಲಿ ಲೋಹದ ಚೌಕಟ್ಟಿಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ ಅನ್ನುವುದು ನೆನಪಿರಲಿ.

ಇಷ್ಟಾದ ಮೇಲೆ ಅಮಾಲ್. ಐಡ್ಲಿಂಗ್ ನಿಲ್ಲದಿದ್ದರೆ ಕಡಿಮೆ ವೇಗದಲ್ಲಿ ಪೆಟ್ರೋಲ್ ಕೊಡುವ ಪೈಲಟ್ ದಾರಿ ಕಟ್ಟಿದೆ ಎಂದೇ ಲೆಕ್ಕ. ಮಿಕ್ಸ್ಚರ್ ಸ್ಕ್ರೂ ಬಿಚ್ಚಿ, ಆ ತೂತಿನ ಒಳತುದಿಯಲ್ಲಿ ಒತ್ತಿ ಕೂರಿಸಿರುವ ಪೈಲಟ್ ಜೆಟ್ಟಿಗೆ 0.4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸುತ್ತಾ ತೂರಿಸಿ. ಬರೀ ಗಾಳಿ ಊದಿದರೆ ಒಣಗಿದ ಪೆಟ್ರೋಲಿನ ಅಂಟು ಹೋಗದು. ಸ್ಕ್ರೂವನ್ನು ಪೂರ್ತಿ ಒಳಗೆ ಮುಟ್ಟಿಸಿ ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಫ್ಲ್ಯಾಂಜ್ ನಟ್ಟುಗಳನ್ನು ಬಲ ಹಾಕಿ ಬಿಗಿದರೆ ಕಾರ್ಬುರೇಟರ್ ಬಾಡಿ ಬಾಗುತ್ತದೆ, ಒಳಗೆ ಏರಿಳಿದು ಗಾಳಿ ಬಿಡುವ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ಗಾಳಿಯೂ ಸೋರುತ್ತದೆ. ಸಪಾಟಾಗಿದೆಯೇ ಎಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಎರಡೂ ಸ್ಲೈಡಿನ ಮೇಲೆ ಒಂದೊಂದು ಬೆರಳಿಟ್ಟು ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸಿದಾಗ ಎರಡೂ ಒಂದೇ ಕ್ಷಣಕ್ಕೆ ಮೇಲೇಳಬೇಕು.

ಪೂರ್ತಿ ಆಕ್ಸಿಲರೇಟರಿನಲ್ಲಿ ಪೆಟ್ರೋಲ್ ಅಳೆದು ಕೊಡುವ ಮೇನ್ ಜೆಟ್ಟಿನ ತೀರ್ಪು ಸಿಗುವುದು ಓಟದಲ್ಲೇ. ಹೊಸ ಪ್ಲಗ್ ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಗೆರೆ ದಾಟಿದ ಕೂಡಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಉರುಳಿಕೊಂಡೇ ಬಂದು ಪ್ಲಗ್ ಬಿಚ್ಚಿ. ಪಿಂಗಾಣಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಮಸಿ ಹಿಡಿದಿದ್ದರೆ ಹೆಚ್ಚಾಗಿದೆ. ಅನುಮಾನ ಬಂದರೆ ದೊಡ್ಡ ಜೆಟ್ಟಿನಿಂದಲೇ ಶುರುಮಾಡಿ. ಮಸಿ ಒರೆಸಬಹುದು, ಕರಗಿದ ಪಿಸ್ಟನ್ ಅಂಟಿಸಲಾಗದು.

ಸ್ಟಾರ್ಟ್ ಗೆರೆಯಲ್ಲಿ ಕ್ಲಚ್ ಹಿಡಿದಿದ್ದರೂ ಗಾಡಿ ತೆವಳಿದರೆ ಕ್ಲಚ್ ಪ್ರೆಷರ್ ಪ್ಲೇಟ್ ಓರೆಯಾಗಿ ಎದ್ದೇಳುತ್ತಿದೆ ಎಂದರ್ಥ. ಪ್ರೈಮರಿ ಕವರ್ ಬಿಚ್ಚಿ, ಕ್ಲಚ್ ಹಿಡಿದು ಕಿಕ್ಕರ್ ಮೆಲ್ಲಗೆ ಒತ್ತುತ್ತಾ ಪ್ಲೇಟ್ ಓಲಾಡುತ್ತಿದೆಯೇ ಗಮನಿಸಿ. ಹೊರಗೆ ಹೆಚ್ಚು ಬರುವ ಬದಿಯ ಸ್ಪ್ರಿಂಗ್ ನಟ್ಟನ್ನು ಅರ್ಧರ್ಧ ಸುತ್ತು ಬಿಗಿಸಿ ನೇರ ಮಾಡಿ. ಗೇರ್‌ಬಾಕ್ಸ್ ಸ್ಪ್ರಾಕೆಟ್ ಇರುವುದು ಇದೇ ಕ್ಲಚ್ಚಿನ ಹಿಂದೆ. ಕ್ಲಚ್ ಕಳಚಿದ್ದಾಗಲೇ ಮೂಲದ 19 ಹಲ್ಲಿನದನ್ನು ತೆಗೆದು 18ರದು ಹಾಕಿಬಿಟ್ಟರೆ ಗೆರೆಯಿಂದ ಏಳುವಾಗಿನ ಎಳೆತ ಚುರುಕಾಗುತ್ತದೆ.